ಆರಿದ್ರಾ ಲಿಸ್ಟಿಗೆ ಸೇರದ ಹಾಡು

ಹೋದ ತಿಂಗಳು ಒಂದು ಶುಕ್ರವಾರ ನನ್ನ ಅಕ್ಕನ ಮಗಳು ಅನು ಒಂದು ಹಾಡು ರಿಲೀಸ್ ಮಾಡಿದಳು. ಅವಳ ಬ್ಯಾಂಡಿನ ಮೊದಲನೇ ಹಾಡು. ಕೇಳಿದೆ. ಹಿಡಿಸಲಿಲ್ಲ.

ನಡೆದದ್ದು ಇಷ್ಟೇ. ಇಷ್ಟಕ್ಕೇ ಕೊಚ್ಚಿಯ ಕಲೂರಿನಲ್ಲಿರುವ ಅಕ್ಕನ ಮನೆಯಲ್ಲಿ ನನ್ನ ಭಾನುವಾರದ ಊಟ ಬಂದ್ ಆಯಿತು.

ಹಳೇ ಓದುಗರಿಗೆ ನನ್ನ ಹುಚ್ಚು ಗೊತ್ತು. ಹೊಸಬರಿಗೆ ಬೇಗ ಹೇಳಿಬಿಡುತ್ತೇನೆ. ನಾನು ಎಡಪ್ಪಳ್ಳಿಯಲ್ಲಿ ಕಾರುಗಳಿಗೆ ಸ್ಟೀರಿಯೋ ಕೂರಿಸುವವನು. ಓದು ಎಸ್ಸೆಸ್ಸೆಲ್ಸಿ, ಅದೂ ಪಾಸಲ್ಲ. ನಂಜನಗೂಡಿನಲ್ಲಿ ಗಣಿತಕ್ಕೂ ನನಗೂ ಆಗಿಬರಲಿಲ್ಲ. ಅಕ್ಕನಿಗೆ ಬ್ಯಾಂಕಿನಲ್ಲಿ ಕೆಲಸ, ಕೊಚ್ಚಿಗೆ ಟ್ರಾನ್ಸ್‌ಫರ್ ಆಗಿತ್ತು. ಅವಳ ಹಿಂದೆ ಬಂದೆ, ಇಲ್ಲೇ ಉಳಿದೆ. ನನಗಿರುವ ಒಂದೇ ಚಟ ಇಂಡೀ ರಾಕ್. ಅಂದರೆ ಏನು? ಸಿನಿಮಾ ಇಲ್ಲ, ಹೀರೋ ಇಲ್ಲ, ದೊಡ್ಡ ಕಂಪನಿ ಇಲ್ಲ. ನಾಲ್ಕು ಜನ ಸೇರಿ ತಮಗೆ ಬೇಕಾದ ಹಾಗೆ ಬಾರಿಸಿ, ತಾವೇ ರೆಕಾರ್ಡ್ ಮಾಡಿ ಜನರ ಮುಂದೆ ಬಿಡುವ ಹಾಡು. ಅಷ್ಟೇ. ಅದಕ್ಕಿಂತ ಜಾಸ್ತಿ ವಿವರಣೆ ಕೊಡುವವರನ್ನು ನಂಬಬೇಡಿ.

ಹೊಸ ಹಾಡುಗಳು ಬರುವುದು ಶುಕ್ರವಾರ. ಸಿನಿಮಾದ ಹಾಗೆಯೇ, ಕಟೌಟು ಮತ್ತು ಹಾಲಿನ ಅಭಿಷೇಕ ಬಿಟ್ಟು. ಆವತ್ತು ಬೆಳಗ್ಗೆ ಬಸ್ಸಿನಲ್ಲಿ ಯಾರಾದರೂ ನನ್ನ ಜೊತೆ ಮಾತಾಡಿದರೆ ನಾನು ಉತ್ತರ ಕೊಡುವುದಿಲ್ಲ. ಶಿಲ್ಲಾಂಗಿನ ಮೂವರು ಏನೋ ಬಿಟ್ಟಿರುತ್ತಾರೆ. ಫೋರ್ಟ್ ಕೊಚ್ಚಿಯ ಇಬ್ಬರು ಕಾರು ಬಸ್ಸು ದಾಟಿಸುವ ಜಂಗಾರಿನ ಬಗ್ಗೆ ಒಂದು ಹಾಡು ಮಾಡಿರುತ್ತಾರೆ, ಗಿಟಾರು ದೋಣಿಯ ಡೀಸೆಲ್ ಎಂಜಿನ್ ಥರಾನೇ ಗುಡುಗುಡು ಅನ್ನುತ್ತಿರುತ್ತದೆ. ಪುಣೆಯಲ್ಲಿ ಒಬ್ಬಳು ಅಡುಗೆಮನೆಯಲ್ಲೇ ಕೂತು ರೆಕಾರ್ಡ್ ಮಾಡುತ್ತಾಳೆ. ಅವಳ ಒಂದು ಹಾಡಿನ ಮಧ್ಯೆ ಕುಕ್ಕರ್ ಕೂಗುತ್ತದೆ. ತೆಗೆದಿಲ್ಲ, ಹಾಗೇ ಬಿಟ್ಟಿದ್ದಾಳೆ. (ಅದಕ್ಕೇ ಆ ಹಾಡು ನನಗೆ ಪ್ರಾಣ.)

ಅಂಗಡಿಗೆ ಹೋದವನೇ ಹೊಸ ಸ್ಪೀಕರ್ ಟೆಸ್ಟ್ ಮಾಡಲು ಇವನ್ನೇ ಹಾಕುತ್ತೇನೆ. ನಮ್ಮ ಓನರ್ ಸಾಬು ಚೇಟ್ಟನ್ ಒಳಗಿಂದ ಬಂದು, ಇದು ಪಾಟ್ಟೋ ವೆಲ್ಡಿಂಗೋ ಅಂತ ಕೇಳುತ್ತಾರೆ. ಪಾಟ್ಟು ಅಂದರೆ ಹಾಡು. ವಾರಾವಾರ ಅದೇ ಪ್ರಶ್ನೆ. ವಾರಾವಾರ ನಾನು ವೆಲ್ಡಿಂಗ್ ಅಂತಲೇ ಹೇಳುತ್ತೇನೆ. ಇಬ್ಬರಿಗೂ ಸಮಾಧಾನ.

ಇನ್ನು ಪ್ಲೇಲಿಸ್ಟ್. ಎಲ್ಲರೂ ಮಾನ್ಸೂನ್ ಪ್ಲೇಲಿಸ್ಟ್ ಅಂತ ಒಂದು ಮಾಡುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೇರಳದಲ್ಲಿ ಬೀಳುವ ಮಳೆಗೆಲ್ಲ ಒಂದೇ ಲಿಸ್ಟ್ ಸಾಕಾ? ನಮ್ಮೂರಲ್ಲಿ ಒಂದೊಂದು ಮಳೆಗೂ ಒಂದೊಂದು ಹೆಸರು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಹದಿನೈದು ದಿನಕ್ಕೊಂದು ನಕ್ಷತ್ರ, ಹದಿನೈದು ದಿನಕ್ಕೊಂದು ಮಳೆ. ನಾನೂ ಹಾಗೇ ಮಾಡಿಬಿಟ್ಟೆ. ಒಂದು ಮಳೆಗೆ ಒಂದು ಲಿಸ್ಟ್. ಆ ಮಳೆಯೊಳಗೆ ಬರುವ ಎರಡು ಶುಕ್ರವಾರದ ಹಾಡು ಮಾತ್ರ. ಆರಿದ್ರಾ ಅಂದರೆ ಬಿಡದೆ ಹೊಡೆಯುವ ಮಳೆ, ಅದಕ್ಕೆ ಡ್ರಮ್ಸ್ ಜೋರಿರಬೇಕು. ಪುಷ್ಯಕ್ಕೆ ಸ್ವಲ್ಪ ಜಿಟಿಜಿಟಿ. ಇಲ್ಲಿಯವರೂ ಅದನ್ನೇ ಬೇರೆ ಹೆಸರಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮ ಆರಿದ್ರಾ ಇವರಿಗೆ ತಿರುವಾದಿರ ಞಾಟ್ಟುವೇಲ. ಆಗ ಯಾವ ಕೊಂಬೆ ನೆಟ್ಟರೂ ಚಿಗುರುತ್ತದೆ ಅಂತ ಸಾಬು ಚೇಟ್ಟನ್ ಅಂಗಡಿ ಹಿಂದೆ ದಾಸವಾಳದ ಕಡ್ಡಿ ಚುಚ್ಚುತ್ತಾರೆ. ಚಳಿಗಾಲದ ಲಿಸ್ಟೂ ಇದೆ. ಕೊಚ್ಚಿಯಲ್ಲಿ ಚಳಿ ಎಲ್ಲಿ ಅಂತೀರಾ? ಐಟಿ ಪಾರ್ಕಿನ ನಮ್ಮ ಹುಡುಗರನ್ನು ಕೇಳಿ. ಏಸಿ ಕೆಳಗೆ ಕೂತು ವರ್ಷವಿಡೀ ಅದನ್ನೇ ಕೇಳುತ್ತಾರೆ.

ಲಿಸ್ಟಿಗೆ ರೂಲ್ ಒಂದೇ. ಮೊದಲನೇ ಸಲ ಕೇಳಿದ ಮೇಲೆ ನನ್ನ ಬೆರಳು ತಾನಾಗೇ ಹಿಂದಕ್ಕೆ ಹೋಗಿ ಇನ್ನೊಂದು ಸಲ ಹಾಕಬೇಕು. ಹೋಗಲಿಲ್ಲವಾ, ಹಾಡು ಔಟ್. ದೊಡ್ಡ ಬ್ಯಾಂಡಾಗಲಿ, ಗೆಳೆಯನ ಬ್ಯಾಂಡಾಗಲಿ.

ಅನುವಿನ ಹಾಡಿಗೆ ಬೆರಳು ಅಲ್ಲಾಡಲಿಲ್ಲ.

ಅವಳು ತಿರುವನಂತಪುರದಲ್ಲಿ ಡಿಗ್ರಿ ಓದುತ್ತಾಳೆ. ಬ್ಯಾಂಡಿನಲ್ಲಿ ಡ್ರಮ್ಸ್. ಹಾಡು ಇಂಗ್ಲಿಷಿನಲ್ಲಿತ್ತು, ಇರಲಿ. ಶುರುವಿಗೆ ಅರ್ಧ ನಿಮಿಷ ಗಿಟಾರು ಗೊಣಗುತ್ತದೆ, ಅದೂ ಇರಲಿ. ಡ್ರಮ್ಸ್ ಮಾತ್ರ ಕಂಪ್ಯೂಟರಿನಲ್ಲಿ ತಿದ್ದಿ ತೀಡಿ, ಪ್ರತಿ ಏಟೂ ಒಂದೇ ಅಳತೆ. ಇಸ್ತ್ರಿ ಅಂಗಡಿಯಿಂದ ಬಂದ ಅಂಗಿ ಥರ. ನಮ್ಮ ಹುಡುಗಿಯ ಕೈ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಹಿಡಿಸಿತಾ ಅಂತ ಕೇಳಿದಳು, ನಾನು ಇಲ್ಲ ಅಂತ ಬರೆದೆ. ಒಂದೇ ಪದ. ಹಾರ್ಟು ಗೀರ್ಟು ಏನೂ ಹಾಕಲಿಲ್ಲ.

ಅಕ್ಕನ ಫೋನ್ ಬಂತು.

"ಏನೋ ಸೀನ, ಏನು ನಿನ್ನ ದೊಡ್ಡಸ್ತಿಕೆ? ಯಾರ್ಯಾರೋ ಕಿರುಚಿದ್ದನ್ನೆಲ್ಲ ಹಾಕ್ಕೋತೀಯ. ಮನೆ ಮಗು ಹಾಡು ಹಾಕೋಕೆ ಏನು ರೋಗ ನಿಂಗೆ?"

ರೂಲ್ ಅಂದೆ. ರೂಲಂತೆ ರೂಲು, ಎಸ್ಸೆಸ್ಸೆಲ್ಸೀಲಿ ಎಲ್ಲಿ ಹೋಗಿತ್ತು ಈ ರೂಲು ಅಂದಳು. (ಬ್ಯಾಂಕಿನವರು ಹಳೇ ಫೈಲು ಬಿಡುವುದಿಲ್ಲ.)

ತಮಾಷೆ ಏನು ಗೊತ್ತಾ? ಅಕ್ಕನಿಗೆ ಡ್ರಮ್ಸ್ ಕಂಡರೇ ಆಗದು. ಮಗಳು ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಸೇರಲಿ ಅಂತ ವರ್ಷದಿಂದ ಹಿಂದೆ ಬಿದ್ದಿದ್ದಾಳೆ. ನನಗೆ ಹೀಗೆ ಬೈದು ಫೋನಿಟ್ಟವಳು, ಮಗಳಿಗೆ ಫೋನ್ ಮಾಡಿ ಬೇರೆಯದೇ ಹೇಳಿದಳಂತೆ. ಯಾವ ಗಲಾಟೆಯನ್ನಾದರೂ ಹಾಡು ಅನ್ನುವ ನಿಮ್ಮ ಮಾಮನಿಗೇ ಹಿಡಿಸಲಿಲ್ಲ ಅಂದಮೇಲೆ ಮುಗೀತು, ಡ್ರಮ್ಸ್ ಮಾರು, ಕೋಚಿಂಗ್ ಸೇರು ಅಂತ. ಎರಡು ಫೋನು, ಎರಡು ಅಕ್ಕ.

ಸಂಜೆ ಅನು ವಾಯ್ಸ್ ಮೆಸೇಜ್ ಕಳಿಸಿದಳು. ಮಲಯಾಳದಲ್ಲೇ. ಕೊಚ್ಚಿಯಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಹೀಗೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವರು ಮಲಯಾಳದಲ್ಲಿ ಉತ್ತರ ಕೊಡುತ್ತಾರೆ, ಮನೆ ಹೇಗೋ ನಡೆಯುತ್ತದೆ. ಲಿಸ್ಟಿಲ್ ಇಡಂಡ ಮಾಮಾ, ಅಂದಿದ್ದಳು. ಲಿಸ್ಟಿಗೆ ಹಾಕಬೇಡ. ಆದರೆ ಬರುವ ಭಾನುವಾರ ಇಲ್ಲಿ ನಮ್ಮ ಶೋ ಇದೆ, ಒಂದು ಸಲ ಎದುರಿಗೆ ಕೂತು ಕೇಳು. ಆಮೇಲೆ ನೀನು ಬೇಡ ಅಂದರೆ ನಾನೇ ಅಮ್ಮ ಹೇಳಿದ ಹಾಗೆ ಮಾಡುತ್ತೇನೆ.

ನೋಡಿ ಹೇಗಿದೆ. ನಾನು ಒಂದು ಹಾಡಿನ ಬಗ್ಗೆ ಒಂದು ಪದ ಬರೆದವನು. ಈಗ ಒಂದು ಹುಡುಗಿಯ ಡ್ರಮ್ಸ್ ಉಳಿಯುತ್ತಾ ಹೋಗುತ್ತಾ ಅನ್ನುವುದು ನನ್ನ ತಲೆ ಮೇಲೆ.

ಭಾನುವಾರ ಬೆಳಗ್ಗೆ ಎರ್ನಾಕುಲಂ ಸೌತ್‌ನಲ್ಲಿ ರೈಲು ಹತ್ತಿದರೆ ಎದುರು ಸೀಟಿನಲ್ಲಿ ಅಕ್ಕ. ಪುಳಿಯೋಗರೆ ಡಬ್ಬಿ ಸಮೇತ. ಅವಳೂ ಬರುತ್ತಾಳೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಆಲಪ್ಪುಳದವರೆಗೆ ಡಬ್ಬಿ ತೆರೆಯಲಿಲ್ಲ. ಹೊರಗೆ ಆರಿದ್ರಾ ಬಿಡದೆ ಸುರಿಯುತ್ತಿತ್ತು. ನಾನು ಇಯರ್‌ಫೋನ್ ಹಾಕಿದೆ, ಅವಳು ಕಿತ್ತಳು.

ಮಗುವಿನ ಮುಖ ನೋಡಿಕೊಂಡೂ ಚೆನ್ನಾಗಿಲ್ಲ ಅಂತಲೇ ಹೇಳುತ್ತೀಯಾ ಅಂತ ಕೇಳಿದಳು. ಚೆನ್ನಾಗಿಲ್ಲದಿದ್ದರೆ ಹೇಳುತ್ತೇನೆ ಅಂದೆ. ಅಕ್ಕ ಕಿಟಕಿ ಕಡೆ ತಿರುಗಿದಳು.

"ನಾನೂ ಕೇಳ್ದೆ ಕಣೋ ಆ ಹಾಡು. ಚೆನ್ನಾಗಿದೆ ಅಂದೆ. ಅಮ್ಮ ಅಲ್ವಾ, ಹಾಗೇ ಹೇಳ್ತೀಯ ಅಂದ್ಳು. ನಾನು ಹೇಳಿದ್ದು ಅವಳಿಗೆ ಲೆಕ್ಕಕ್ಕಿಲ್ಲ. ನೀನು ಹೇಳಿದ್ರೆ ನಂಬ್ತಾಳೆ."

ಪುಳಿಯೋಗರೆ ಹಾಕು ಅಂದೆ. ಹಾಕಿದಳು. ಊಟದ ಬಂದ್ ಅಲ್ಲಿಗೆ ಮುಗಿಯಿತು.

ತಿರುವನಂತಪುರದಲ್ಲಿ ಶೋ ಇದ್ದದ್ದು ಒಂದು ಕೆಫೆಯ ಮೇಲಿನ ಮಹಡಿಯಲ್ಲಿ. ಸಂಜೆ ನಾಲ್ಕಕ್ಕೆ. ಮೇಲೆ ಶೀಟು, ಶೀಟಿನ ಮೇಲೆ ಮಳೆ. ಕಾಲೇಜು ಹುಡುಗರು ನೆಲದ ಮೇಲೆ ಕೂತಿದ್ದರು. ಅಕ್ಕನಿಗೆ ಮಾತ್ರ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು, ಆಂಟೀ ಇರಿಕ್ಕು ಅಂತ. ಅವಳು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಬ್ಯಾಂಕಿಗೆ ಆಡಿಟ್ ಬಂದಾಗ ಕೂರುವ ಹಾಗೆ ಕೂತಳು.

ಸ್ಪೀಕರುಗಳು ಸುಮಾರಾಗಿದ್ದವು. (ಒಂದರ ವೈರ್ ಸಡಿಲ. ಕೈ ತುರಿಸಿತು. ಸುಮ್ಮನಿದ್ದೆ.) ನಾಲ್ವರು ಬಂದರು. ಹಾಡುವ ಹುಡುಗ, ಎರಡು ಗಿಟಾರು, ಹಿಂದೆ ಅನು. ಅವಳು ನಮ್ಮ ಕಡೆ ನೋಡಲಿಲ್ಲ. ಕೋಲೆರಡನ್ನೂ ಎತ್ತಿ ಒಂದಕ್ಕೊಂದು ತಟ್ಟುತ್ತಾ, ಮಳೆಯ ಸದ್ದಿಗಿಂತ ಜೋರಾಗಿ ಕೂಗಿದಳು.

"ಒಂದು, ಎರಡು, ಮೂರು, ನಾಕು!"

ನಾಲ್ವರೂ ಒಟ್ಟಿಗೆ ಹಾಡಿಗೆ ಇಳಿದರು ನೋಡಿ. ಆ ಎಣಿಕೆ ನನ್ನ ಎದೆಗೂಡಿಗೇ ಬಂದು ಬಡಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅನು ಒಂದನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಸ್ಕೂಲಿನಿಂದ ಕರೆತರುವುದು ನನ್ನ ಕೆಲಸ. ಬಸ್ಸಿನಲ್ಲಿ ಸುಮ್ಮನೆ ಕೂರುವ ಪೈಕಿ ಅಲ್ಲ ಅವಳು, ನಾನೂ ಅಲ್ಲ. ನಾನು ಒಂದು ಎರಡು ಮೂರು ನಾಕು ಅನ್ನುವುದು, ಇಬ್ಬರೂ ಮುಂದಿನ ಸೀಟಿನ ಕಂಬಿ ಬಾರಿಸುವುದು. ತಪ್ಪಿದವರು ಸೋತರು. ಮುಂದೆ ಕೂತ ಅಮ್ಮಚ್ಚಿಯರು ತಿರುಗಿ ತಿರುಗಿ ನೋಡುತ್ತಿದ್ದರು. ಮೊದಮೊದಲು ಅವಳು ಸೋಲುತ್ತಿದ್ದಳು. ಆಮೇಲೆ ನಾನು. ಆಮೇಲೆ ಅವಳು ದೊಡ್ಡವಳಾದಳು, ಕನ್ನಡ ಬಾಯಿಂದ ಇಳಿದುಹೋಯಿತು. ಅವಳ ಬಾಯಲ್ಲಿ ಕನ್ನಡ ಕೇಳಿ ಎಷ್ಟು ವರ್ಷವಾಗಿತ್ತೋ ನನಗೆ ನೆನಪಿಲ್ಲ.

ಗಿಟಾರಿನವರಲ್ಲಿ ಒಬ್ಬ, ಕನ್ನಡ ಬಾರದ ಕೊಲ್ಲಂನ ಹುಡುಗ, ಪ್ರತಿ ಹಾಡಿಗೂ ಅವಳ ಬಾಯನ್ನೇ ನೋಡುತ್ತಿದ್ದ. ಅವನ ತುಟಿಯೂ ಅಲ್ಲಾಡುತ್ತಿತ್ತು. ಮೂರು, ನಾಕು. ಆ ಬ್ಯಾಂಡಿನಲ್ಲಿ ಎಲ್ಲ ಹಾಡೂ ಶುರುವಾಗುವುದು ನಮ್ಮ ಕಲೂರ್ ಬಸ್ಸಿನ ಲೆಕ್ಕದಲ್ಲಿ.

ಅಕ್ಕನ ಕಡೆ ನೋಡಿದೆ. ಡಬ್ಬಿಯ ಮುಚ್ಚಳದ ಮೇಲೆ ಅವಳ ಬೆರಳು ಬಡಿಯುತ್ತಿತ್ತು. ತಾಳ ತಪ್ಪಾಗಿತ್ತು. ಹೇಳಲಿಲ್ಲ.

ಶೋ ಮುಗಿದ ಮೇಲೆ ಅನು ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಮುಂದೆ ನಿಂತಳು. ಅಕ್ಕ ಪಕ್ಕದಲ್ಲೇ ಇದ್ದಳು. ಸತ್ಯಂ ಪರ ಮಾಮಾ, ಅಂದಳು. ನಿಜ ಹೇಳು.

ಹಾಡು ಇವತ್ತೂ ಸುಮಾರೇ ಅಂದೆ. ಶುರುವಿನ ಗಿಟಾರು ಉದ್ದ, ಹಾಡುವವನು ಮೂಗಿನಲ್ಲಿ ಹಾಡುತ್ತಾನೆ. ಅವಳ ಮುಖ ಇಳಿಯಿತು. ಅಕ್ಕ ನನ್ನ ತೋಳು ಚಿವುಟಿದಳು, ನಿಜವಾಗಿ ಚಿವುಟಿದಳು.

"ಆದ್ರೆ ಡ್ರಮ್ಸ್ ಬಿಟ್ಟರೆ ನಿನ್ನ ಕಾಲು ಮುರೀತೀನಿ," ಅಂದೆ. "ಆ ಒಂದು ಎರಡು ಎಲ್ಲಿ ಹೋಯ್ತು ರೆಕಾರ್ಡಲ್ಲಿ? ಯಾರು ತೆಗೆದಿದ್ದು?"

ರೆಕಾರ್ಡಿಂಗ್ ಮಾಡಿದವನ ಮೇಲೆ ಹಾಕುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಅವಳೇ ತೆಗೆಸಿದ್ದು. ಅವನು ಇರಲಿ ಅಂದನಂತೆ. ಇವಳೇ, ಇದು ಯಾವ ಭಾಷೆ ಅಂತ ಜನ ಕೇಳುತ್ತಾರೆ, ಆರ್ಕ್ಕುಂ ಮನಸ್ಸಿಲಾವಿಲ್ಲ, ಯಾರಿಗೂ ಅರ್ಥ ಆಗುವುದಿಲ್ಲ ಅಂದಳಂತೆ. ಅದನ್ನು ತೆಗೆಸಿದ ಮೇಲೆ, ಏಟುಗಳು ಅಲ್ಲಲ್ಲಿ ಹೆಚ್ಚು ಕಮ್ಮಿ ಅನಿಸಿ ಅದನ್ನೂ ತಿದ್ದಿಸಿದಳು. ತಾನು ಎಲ್ಲೆಲ್ಲಿ ಕಾಣುತ್ತಿದ್ದಳೋ ಅಲ್ಲೆಲ್ಲ ತಾನೇ ಒರೆಸಿದ್ದಾಳೆ.

ಪುಣೆಯವಳ ಕುಕ್ಕರ್ ವಿಷಯ ಹೇಳಿದೆ. ಎಣಿಸುವುದು ಅರ್ಥ ಆಗುವುದಕ್ಕಾ ಇರುವುದು? ಶಿಲ್ಲಾಂಗಿನವರು ಅವರ ಭಾಷೆಯಲ್ಲಿ ಏನೇನೋ ಹಾಡುತ್ತಾರೆ, ನನಗೆ ಒಂದಕ್ಷರ ತಿಳಿಯದು, ಬೆರಳು ಹಿಂದಕ್ಕೆ ಹೋಗುವುದಿಲ್ಲವಾ?

ಆಗ ಅಕ್ಕ ಬಾಯಿ ಬಿಟ್ಟಳು. ಕೋಚಿಂಗ್ ಬಗ್ಗೆ ಅಂತ ಅಂದುಕೊಂಡೆ. ಮುಂದಿನ ಶೋ ಯಾವಾಗ ಅಂತ ಕೇಳಿದಳು. ಆಮೇಲೆ, ತಾನು ಬ್ಯಾಂಕಿನ ಆಫೀಸರ್ ಅನ್ನುವುದು ನೆನಪಾಗಿ, ಡಿಗ್ರಿ ಮುಗೀಲಿ, ಕೋಚಿಂಗ್ ಆಮೇಲೆ ನೋಡೋಣ ಅಂತ ಸೇರಿಸಿದಳು. ಮಿಕ್ಕಿದ್ದ ಪುಳಿಯೋಗರೆ ಇಡೀ ಬ್ಯಾಂಡಿಗೆ ಹಂಚಿದಳು. ಕೊಲ್ಲಂನ ಹುಡುಗ ಎರಡನೇ ಸಲ ಹಾಕಿಸಿಕೊಂಡ. ಅದಕ್ಕೆ ಯಾವ ಭಾಷೆ ಬೇಕು?

ಹೋದ ಶುಕ್ರವಾರ ಆ ಹಾಡಿನ ಹೊಸ ರೆಕಾರ್ಡಿಂಗ್ ಬಂತು. ಗಿಟಾರು ಗೊಣಗುವುದು ಹಾಗೇ ಇದೆ. ಹಾಡುವವನ ಮೂಗೂ ಹಾಗೇ ಇದೆ. ಡ್ರಮ್ಸಿಗೆ ಇಸ್ತ್ರಿ ಬಿಟ್ಟುಹೋಗಿದೆ, ನಮ್ಮ ಹುಡುಗಿಯ ಕೈ ಬಂದಿದೆ. ಮತ್ತೆ ಶುರುವಿನಲ್ಲಿ, ಎಲ್ಲಕ್ಕಿಂತ ಮೊದಲು, ಅವಳ ಗಂಟಲು. ಒಂದು, ಎರಡು, ಮೂರು, ನಾಕು.

ಅಂಗಡಿಯಲ್ಲಿ ದೊಡ್ಡ ಸ್ಪೀಕರಿಗೆ ಹಾಕಿದೆ. ಸಾಬು ಚೇಟ್ಟನ್ ಒಳಗಿಂದ ಬಂದರು. ಪಾಟ್ಟೋ ವೆಲ್ಡಿಂಗೋ ಕೇಳಲಿಲ್ಲ. ಈ ಕೊಚ್ಚು ಯಾರು, ನಿನ್ನ ಊರಿನವಳಾ ಅಂದರು. ಕೊಚ್ಚು ಅಂದರೆ ಮಗು. ನಮ್ಮ ಮನೆಯ ಮಗು ಅಂದೆ. ತಲೆ ಅಲ್ಲಾಡಿಸಿ ಒಳಗೆ ಹೋದರು. (ಹಿಂದುಗಡೆ ಅವರ ದಾಸವಾಳ ಚಿಗುರಿದೆ.)

ಆರಿದ್ರಾ ಮುಗಿದಿತ್ತು. ಹಾಗಾಗಿ ಹಾಡು ಪುನರ್ವಸು ಲಿಸ್ಟಿಗೆ ಹೋಯಿತು, ಎಲ್ಲಕ್ಕಿಂತ ಮೇಲೆ. ಅಕ್ಕನ ಫೋನ್ ಬಂತು. ಮನೆಯವಳು ಅಂತ ರೂಲ್ ಮುರಿದೆಯಾ ಅಂತ ನಕ್ಕಳು. ಇಲ್ಲವೇ ಇಲ್ಲ. ಬೆರಳು ತಾನಾಗೇ ಹಿಂದಕ್ಕೆ ಹೋಗಿದೆ. ಒಂದು ಸಲವಲ್ಲ, ಬೆಳಗ್ಗಿಂದ ಹೋಗುತ್ತಲೇ ಇದೆ. ಮೊದಲ ನಾಲ್ಕು ಸೆಕೆಂಡಿಗೆ ಮಾತ್ರ ಹೋಗುತ್ತದೆ, ನಿಜ.

ಪೂರ್ತಿ ಹಾಡು ಕೇಳಬೇಕು ಅಂತ ರೂಲಿನಲ್ಲಿ ಎಲ್ಲಿದೆ?