ಜಿಡ್ಡಿಲ್ಲದ ತೊಟ್ಟಿ

ಬೆಳಗಿನ ತಿಂಡಿಯ ಗಲಾಟೆ ಮುಗಿದಿತ್ತು, ಮಧ್ಯಾಹ್ನದ ಊಟಕ್ಕೆ ಒಲೆಗಳು ಇನ್ನೂ ಜೋರಾಗಿರಲಿಲ್ಲ. ಹೋಟೆಲಿನ ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ಸಿಂಕಿನ ಕಿಟಕಿಯ ಕೆಳಗೆ, ನಡುವಯಸ್ಸಿನ ಮನುಷ್ಯನೊಬ್ಬ ಮಂಡಿಯೂರಿ ಕೂತು ಕಬ್ಬಿಣದ ಮುಚ್ಚಳವನ್ನು ಪಕ್ಕಕ್ಕೆ ಎಳೆದ. ಒಳಗೆ ನೀರಿನ ಮೇಲೆ, ಕಾಸಿ ಆರಿಸಿದ ಹಾಲಿನ ಕೆನೆಯಷ್ಟು ತೆಳ್ಳಗೆ ಜಿಡ್ಡು ಕಟ್ಟಿತ್ತು. ತಂದಿದ್ದ ಬಕೆಟ್ಟುಗಳಲ್ಲಿ ಒಂದರ ತಳವೂ ಮುಚ್ಚುವಂತಿರಲಿಲ್ಲ.

ಹಿಂದೆ ನಿಂತಿದ್ದ ಹೋಟೆಲಿನ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು. "ನೋಡಪ್ಪಾ, ಹೇಗಿದೆ. ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು" ಎಂದು ಅಡುಗೆಯವನನ್ನೂ ಬಾಗಿಲಿಗೆ ಕರೆದು ತೋರಿಸಿದರು.

ಅಷ್ಟರಲ್ಲಿ ಒಳಗಿನ ಸಿಂಕಿನಲ್ಲಿ ಯಾರೋ ಒಂದು ಕೊಳಗ ನೀರು ಸುರಿದರು. ತೊಟ್ಟಿಯ ಮೇಲಿದ್ದ ಕೆನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಸರ ಸರಿದು ಹೊರಹೋಗುವ ಕೊಳವೆಯ ಬಾಯಲ್ಲಿ ಮಾಯವಾಯಿತು. ಅದನ್ನು ಕಂಡು ಮಂಡಿಯೂರಿದ್ದವನು ಇನ್ನಷ್ಟು ಬಗ್ಗಿದ. ಈ ತೊಟ್ಟಿಯ ಮೇಲಿನ ಜಿಡ್ಡು ಹರಿಯಬಾರದು, ನಿಲ್ಲಬೇಕು. ಅಂಗಿಯ ತೋಳು ಮಡಚಿ ಕೈ ಇಳಿಸಿದ. ಗೋಡೆಯಲ್ಲಿ ಕೊರೆದ ಉದ್ದ ಸೀಳು ಬೆರಳಿಗೆ ಸಿಕ್ಕಿತು, ಎದುರು ಗೋಡೆಯ ಸೀಳೂ ಸಿಕ್ಕಿತು. ಎರಡರ ನಡುವೆ ನಿಂತಿರಬೇಕಾದ ಅಡ್ಡ ತಗಡು ಸಿಗಲಿಲ್ಲ.

ಅದು ಎಲ್ಲಿದೆಯೆಂದು ಅವನು ಹುಡುಕಬೇಕಾಗಿರಲಿಲ್ಲ. ತಗಡು ಅವನ ಮನೆಯ ಗೇಟಿನ ಕೆಳಗೆ, ಪಕ್ಕದ ಮನೆಯ ನಾಯಿ ಒಳಗೆ ನುಸುಳದ ಹಾಗೆ ಅಡ್ಡ ನಿಂತಿತ್ತು. ಆ ದಿನ ಬೆಳಿಗ್ಗೆಯೂ ಅದನ್ನು ದಾಟಿಕೊಂಡೇ ಬಂದಿದ್ದ.

ಊರಿನ ಹೋಟೆಲುಗಳಲ್ಲೆಲ್ಲ ಅವನಿಗೆ ಜಿಡ್ಡಪ್ಪ ಎಂದೇ ಹೆಸರು. ನಿಜವಾದ ಹೆಸರು ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ, ಆಕೆ ಕರೆಯುವುದು 'ರೀ' ಎಂದು. ದೊಡ್ಡ ಅಡುಗೆಮನೆಗಳಿಂದ ಹೊರಬರುವ ನೀರು ಮೊದಲು ಬೀಳುವ ಗ್ರೀಸ್ ಟ್ರ್ಯಾಪನ್ನು, ಹೋಟೆಲಿನವರು ಜಿಡ್ಡಿನ ತೊಟ್ಟಿ ಎನ್ನುವುದನ್ನು, ತೊಳೆಯುವುದು ಅವನ ಕಸುಬು. ಎಣ್ಣೆ, ಬೆಣ್ಣೆ, ಮಾಂಸದ ಕೊಬ್ಬು ಎಲ್ಲವೂ ಆ ತೊಟ್ಟಿಯಲ್ಲಿ ತೇಲಿ ಮೇಲಕ್ಕೆ ಬರುತ್ತವೆ. ನಡುವೆ ಇಳಿಬಿಟ್ಟ ಅಡ್ಡ ತಗಡು ಅವನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ತಗಡಿನ ಅಡಿಯಿಂದ ಬರೀ ನೀರು ಬೀದಿಯ ಚರಂಡಿಗೆ ಹೋಗುತ್ತದೆ. ಮೇಲೆ ಗಟ್ಟಿಯಾಗಿ ಕೂತ ಜಿಡ್ಡನ್ನು ಬಳಿದು ಬಕೆಟ್ಟಿಗೆ ತುಂಬಿ, ತಳದ ಕೆಸರೆತ್ತಿ, ಗೋಡೆ ಕೆರೆದು ಮುಚ್ಚಳ ಹಾಕಿದರೆ ಅವನ ಕೆಲಸ ಮುಗಿಯಿತು. ಎಷ್ಟು ಸೋಪು ತಿಕ್ಕಿದರೂ ವಾಸನೆ ಪೂರ್ತಿ ಬಿಡುವುದಿಲ್ಲ. ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಯಾವಾಗಲೂ ಖಾಲಿ, ದೊಡ್ಡ ಸಾಹೇಬರಿಗೂ ಈ ಭಾಗ್ಯವಿಲ್ಲ ಎಂದು ಅವನೇ ತಮಾಷೆ ಮಾಡುತ್ತಾನೆ.

ಕೆಲವು ವಾರಗಳ ಹಿಂದೆ ಈ ಹೋಟೆಲಿನ ತಗಡಿನ ಮೂಲೆ ತುಕ್ಕು ತಿಂದಿತ್ತು. ವೆಲ್ಡಿಂಗಿನವನ ಹತ್ತಿರ ತುಂಡು ಹಾಕಿಸಿ ನಾಳೆಯೇ ತಂದು ಕೂರಿಸುತ್ತೇನೆಂದು ಜಿಡ್ಡಪ್ಪ ಅದನ್ನು ಕಿತ್ತುಕೊಂಡು ಹೋದ. ವೆಲ್ಡಿಂಗಿನವನು ಕಾಲು ಮುರಿದುಕೊಂಡು ಅಂಗಡಿ ಮುಚ್ಚಿದ್ದ. ತಗಡು ಅಂಗಳದ ಗೋಡೆಗೆ ಒರಗಿ ಎರಡು ದಿನ ನಿಂತಿತು. ಮೂರನೆಯ ದಿನ ಹೆಂಡತಿ ಸೋಪಿನ ಪುಡಿ ಹಾಕಿ ತಿಕ್ಕಿ ಗೇಟಿನ ಕೆಳಗೆ ಸಿಕ್ಕಿಸಿದಳು. ಅಳತೆಗೆ ಹೊಲಿಸಿದ ಹಾಗೆ ಕೂತಿತು. ಅಲ್ಲಿಂದ ಮುಂದೆ ಅವನ ಕಣ್ಣಿಗೆ ಅದು ಗೇಟಿನ ತಗಡಾಯಿತು, ತೊಟ್ಟಿಯದಾಗಿ ಉಳಿಯಲಿಲ್ಲ.

ಇದಿಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಆದರೆ ಅದೇ ವಾರ, ಆ ಹೋಟೆಲಿನಲ್ಲಿ ಎಷ್ಟೋ ವರ್ಷಗಳಿಂದ ಪಾತ್ರೆ ತೊಳೆಯುತ್ತಿದ್ದ ಹೆಂಗಸು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು, ಮಗಳ ಹೆರಿಗೆಗೆಂದು ರಜೆ ಹಾಕಿ ಹೋದಳು. ಅವಳ ಜಾಗಕ್ಕೆ ಅಡುಗೆಯವನು ತನ್ನ ಹೆಂಡತಿಯ ತಂಗಿಯನ್ನು ತಂದು ನಿಲ್ಲಿಸಿದ. ಆಮೇಲೆ ತೊಟ್ಟಿ ತೆರೆದಾಗ ಜಿಡ್ಡೇ ಇರಲಿಲ್ಲ. ಮುಂದಿನ ಸಲವೂ ಇರಲಿಲ್ಲ. ಕೆರೆಯುವುದಕ್ಕೆ ಏನೂ ಇಲ್ಲದ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕುವವರು ಯಾರು. ಮೇಲಿನದನ್ನು ಬಳಿದು, ಮುಚ್ಚಳ ಹಾಕಿ, ಬೇಗ ಮನೆಗೆ ಹೋದೆನಲ್ಲ ಎಂದು ಖುಷಿಪಟ್ಟಿದ್ದ. ಯಜಮಾನರು ತಮ್ಮದೇ ಲೆಕ್ಕ ಹಾಕಿದರು: ಹೊಸಬಳು ಬಂದಳು, ಜಿಡ್ಡು ಹೋಯಿತು. ಅಂದರೆ ದೊಡ್ಡಕ್ಕ ಇಷ್ಟು ವರ್ಷ ಬಾಣಲೆಗಳ ಎಣ್ಣೆಯನ್ನು ಕಾಗದದಲ್ಲಿ ಒರೆಸದೆ ಹಾಗೇ ಸಿಂಕಿಗೆ ಸುರಿಯುತ್ತಿದ್ದಳು.

ರಜೆ ಮುಗಿಸಿ ಬಂದ ದೊಡ್ಡಕ್ಕನನ್ನು ಅವರು ಸಿಂಕಿನ ಮುಂದೆಯೇ ನಿಲ್ಲಿಸಿ ಕೇಳಿದ್ದರು. ಆ ಹೊತ್ತಿಗೆ ಅಲ್ಲೇ ಇದ್ದ ಜಿಡ್ಡಪ್ಪನ ಕಡೆ ತಿರುಗಿ, ಮೊದಲು ಎಷ್ಟು ಜಿಡ್ಡು ಬರುತ್ತಿತ್ತು, ಈಗೆಷ್ಟು, ನೀನೇ ಹೇಳು ಎಂದಿದ್ದರು. ಕಸುಬುದಾರನ ಮಾತಿಗೆ ಬೆಲೆ ಸಿಗುವುದು ಅಪರೂಪ. ಜಿಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಮೊದಲು ಬಕೆಟ್‌ಗಟ್ಟಲೆ ಬರ್ತಿತ್ತು, ಈಗ ಇಲ್ಲ. ನಾನು ಇದ್ದದ್ದು ಇದ್ದ ಹಾಗೆ ಹೇಳೋನು" ಎಂದಿದ್ದ. ದೊಡ್ಡಕ್ಕ ಮೊಳೆಗೆ ತೂಗುಹಾಕಿದ್ದ ತನ್ನ ಏಪ್ರನ್ ತೆಗೆದು, ಮಡಿಕೆ ಸರಿಯಾಗಿ ಕೂರುವವರೆಗೆ ಮಡಚಿ, ಚೀಲದಲ್ಲಿಟ್ಟುಕೊಂಡು ಹೋಗಿದ್ದಳು.

ಈಗ ತೊಟ್ಟಿಯೊಳಗೆ ಕೈಯಿಟ್ಟುಕೊಂಡೇ ಜಿಡ್ಡಪ್ಪನಿಗೆ ಆ ಮಡಿಕೆಗಳು ನೆನಪಾದವು. ಮೇಲೆ ಯಜಮಾನರು ಇನ್ನೂ ಹೊಗಳುತ್ತಿದ್ದರು. ಬೇರೆ ಹೋಟೆಲಿನವರಿಗೂ ನಿನ್ನ ಹೆಸರು ಹೇಳಿದ್ದೇನೆ, ಫೋನ್ ಬರುತ್ತದೆ ಎಂದರು. ಅವನು ಹೂಂ ಎಂದು ಮುಚ್ಚಳ ಎಳೆದ.

ಮನೆಗೆ ಬಂದವನು ಗೇಟಿನ ಬಳಿ ಬಗ್ಗಿ ತಗಡು ಕೀಳುತ್ತಿದ್ದಾಗ ಹೆಂಡತಿ ಹೊರಗೆ ಬಂದಳು.

"ಅದ್ಯಾಕ್ರೀ ಕೀಳ್ತಿದ್ದೀರಿ? ಆ ನಾಯಿ ನಿಮಗೇನಾದ್ರೂ ನೆಂಟನಾ?"

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಮೊದಲು ನಗುತ್ತಿದ್ದವಳು ದೊಡ್ಡಕ್ಕನ ಮಾತು ಬಂದಾಗ ಹೊಸ್ತಿಲ ಮೇಲೆ ಕೂತಳು. ತಗಡು ಸಿಕ್ಕಿಸಿದ್ದು ತಾನೇ ಎಂಬುದು ಅವಳಿಗೂ ಚುಚ್ಚಿತು. ಆದರೆ ಆಕೆ ಯಾವುದನ್ನೂ ಬಹಳ ಹೊತ್ತು ಎದೆಯಲ್ಲಿಟ್ಟುಕೊಳ್ಳುವವಳಲ್ಲ. "ನಾಳೆನೇ ಹೋಗಿ ಹೇಳಿಬಿಡಿ. ಬೈತಾರೆ, ಬೈಸ್ಕೊಂಡು ಬನ್ನಿ. ಜಿಡ್ಡಲ್ಲಿ ಕೈ ಹಾಕೋರಿಗೆ ಬೈಗುಳ ಅಂಟ್ಕೊಳತ್ತಾ?"

ಹೇಳುತ್ತೇನೆ, ಮೊದಲು ತಗಡು ಕೂರಿಸುತ್ತೇನೆ ಎಂದ. ಅವನ ಹೆದರಿಕೆ ಬೈಗುಳದ್ದಾಗಿರಲಿಲ್ಲ. ಈ ಕಸುಬಿನಲ್ಲಿ ಕೆಲಸ ಸಿಗುವುದು ಒಂದು ಅಡುಗೆಮನೆ ಇನ್ನೊಂದು ಅಡುಗೆಮನೆಗೆ ಹೇಳುವ ಮಾತಿನಿಂದ. ತಗಡು ಮರೆತವನು ಎಂಬ ಮಾತು ಒಂದು ಬಾಗಿಲು ದಾಟಿದರೆ ಉಳಿದ ಬಾಗಿಲುಗಳನ್ನು ತಲುಪಲು ಒಂದು ವಾರ ಸಾಕು.

ಮರುದಿನ, ಬೇರೆ ಅಂಗಡಿಯಲ್ಲಿ ಮೂಲೆಗೆ ತುಂಡು ಹಾಕಿಸಿ, ಕೊಳವೆ ನೋಡುವ ನೆಪದಲ್ಲಿ ಹೋಟೆಲಿನ ಹಿಂದಕ್ಕೆ ಹೋಗಿ ತಗಡನ್ನು ಗೋಡೆಯ ಸೀಳುಗಳಿಗೆ ಇಳಿಸಿದ. ಹೇಳುವ ಮಾತು ಬಾಯಿವರೆಗೆ ಬಂತು. ಯಜಮಾನರು ಗಲ್ಲಾಪೆಟ್ಟಿಗೆಯ ಮುಂದಿದ್ದರು, ಎದುರಿಗೆ ಗಿರಾಕಿಗಳಿದ್ದರು. ಇನ್ನೊಮ್ಮೆ ಎಂದುಕೊಂಡು ತಿರುಗಿದ.

ತಗಡು ಬಂದ ಮೇಲೆ ತೊಟ್ಟಿ ತನ್ನ ಕೆಲಸ ಶುರುಮಾಡಿತು. ವಾರ ಕಳೆಯುವುದರೊಳಗೆ ಜಿಡ್ಡು ಹಿಂದಿನ ಹಾಗೆಯೇ ಗಟ್ಟಿ ರೊಟ್ಟಿಯಂತೆ ಕೂತಿತು. ಅದನ್ನು ಮೊದಲು ಕಂಡವರು ಯಜಮಾನರೇ. ಹೊಸಬಳನ್ನು ಕರೆದು, ನೀನೂ ಅವಳ ದಾರಿ ಹಿಡಿದೆಯಾ ಎಂದು ಕೇಳಿದರು. ಅವಳು ಅಳಲಿಲ್ಲ. ಅವತ್ತಿನಿಂದ ಬಾಣಲೆಗಳನ್ನಷ್ಟೇ ಅಲ್ಲ, ನೀರು ಕುಡಿದ ಲೋಟಗಳನ್ನೂ ಕಾಗದದಲ್ಲಿ ಒರೆಸಿ ತೊಳೆಯತೊಡಗಿದಳು. ಜಿಡ್ಡು ಕಮ್ಮಿಯಾಗಲಿಲ್ಲ. ಕರಿಯುವ ಹೋಟೆಲಿನಲ್ಲಿ ಜಿಡ್ಡು ಬರುವುದೇ ಹಾಗೆ, ಯಾರು ತೊಳೆದರೂ ಅಷ್ಟೇ.

ಆಗಲಾದರೂ ಜಿಡ್ಡಪ್ಪ ಬಾಯಿಬಿಡಬಹುದಿತ್ತು. ಅವನು ಬೇರೆ ದಾರಿ ಹಿಡಿದ. ಯಜಮಾನರು ಬರುವ ಮುಂಚೆ ಎರಡು ದಿನಕ್ಕೊಮ್ಮೆ ಬಂದು, ಯಾರೂ ಕೇಳದಿದ್ದರೂ, ಮೇಲಿನ ಜಿಡ್ಡು ಬಳಿದುಕೊಂಡು ಹೋಗತೊಡಗಿದ. ತೊಟ್ಟಿ ಮತ್ತೆ ತಿಳಿಯಾಯಿತು. ಹೊಸಬಳು ಬಚಾವಾದಳು. ಜಿಡ್ಡಪ್ಪ ಬಿಟ್ಟಿಯಾಗಿ ಬಂದು ಹೋಗುವುದು ಯಜಮಾನರ ಕಿವಿಗೆ ಬಿದ್ದಾಗ ಅವರು ಅವನ ಬೆನ್ನು ತಟ್ಟಿದರು. ಕೆಲಸದ ಮೇಲೆ ಇಷ್ಟು ನಿಯತ್ತು ಇರುವವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಅಡುಗೆಯವನ ಮುಂದೆ ಹೇಳಿದರು. ಅವತ್ತು ಮನೆಯಲ್ಲಿ ಅವನು ಅರ್ಧ ತಟ್ಟೆ ಅನ್ನ ಹಾಗೇ ಬಿಟ್ಟ. ಹೆಂಡತಿ ತಟ್ಟೆ ನೋಡಿದಳು, ಅವನ ಮುಖ ನೋಡಿದಳು, ಏನೂ ಕೇಳದೆ ತಟ್ಟೆ ಎತ್ತಿದಳು. ಕೇಳಿದ್ದರೆ ವಾಸಿಯಿತ್ತು.

ದೊಡ್ಡಕ್ಕನ ಮನೆ ಮುದ್ರಣದ ಅಂಗಡಿಯೊಂದರ ಮೇಲಿನ ಒಂದೇ ಕೋಣೆ. ಒಂದು ಮಧ್ಯಾಹ್ನ ಜಿಡ್ಡಪ್ಪ ಮೆಟ್ಟಿಲು ಹತ್ತಿದ. ಕೆಳಗಿನ ಯಂತ್ರ ಓಡುವಾಗಲೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು. ಹಗ್ಗದ ಮೇಲೆ ಮೊಮ್ಮಗುವಿನ ಬಟ್ಟೆಗಳು ಒಣಗುತ್ತಿದ್ದವು, ಮಗಳು ಮಗುವಿನ ಪಕ್ಕ ನಿದ್ದೆಹೋಗಿದ್ದಳು. ದೊಡ್ಡಕ್ಕ ಕಿಟಕಿಯ ಬಳಿ ಕೂತು ಊಟದ ತಟ್ಟೆಯೊಂದನ್ನು ಕಾಗದದಿಂದ ಒರೆಸುತ್ತಿದ್ದಳು. ಒರೆಸಿ ಬೆಳಕಿಗೆ ಹಿಡಿದಳು. ಮತ್ತೆ ಒರೆಸಿದಳು, ಮತ್ತೆ ಹಿಡಿದಳು. ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

ಅವನನ್ನು ಕಂಡು ಬಾ ತಮ್ಮ ಎಂದಳು, ಚಾಪೆ ತೋರಿಸಿದಳು, ಟೀ ಮಾಡಿಕೊಟ್ಟಳು. ಬೇರೆ ಕೆಲಸ ಹುಡುಕುತ್ತಿಲ್ಲವೇ ಎಂದು ಅವನು ಕೇಳಿದ. ದೊಡ್ಡಕ್ಕ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿದಳು.

"ಹೋಗಿ ಏನು ಮಾಡ್ಲಿ? ನಾನು ಬಾಣಲೆ ಒರೆಸೇ ತೊಳೀತಿದ್ದೆ ಅಂತಲೇ ಅಂದ್ಕೊಂಡಿದ್ದೆ. ನೀನು ಕಣ್ಣಾರೆ ನೋಡಿದೋನು ಹೇಳಿದ ಮೇಲೆ ಸುಳ್ಳಿರತ್ತಾ? ಕಣ್ಣು ಮಂಜಾಗಿರ್ಬೇಕು. ಇಲ್ಲಾಂದ್ರೆ ಮರೆವು. ಮಗಳು ಡಾಕ್ಟ್ರಿಗೆ ತೋರಿಸು ಅಂತಾಳೆ. ಮಗೂನ ಎತ್ಕೊಳ್ಳೋಕೂ ಹೆದರಿಕೆ ಆಗತ್ತೆ ನನಗೆ."

ಆಕೆಯ ಕೆಲಸ ಕಳೆದೆ ಎಂಬುದು ಅವನಿಗೆ ಗೊತ್ತಿತ್ತು. ಆಕೆಯ ಕೈಯ ಮೇಲೆ ಆಕೆಗಿದ್ದ ನಂಬಿಕೆಯನ್ನೂ ಕಳೆದಿದ್ದೇನೆ ಎಂಬುದು ಗೊತ್ತಿರಲಿಲ್ಲ. ಕೈಯಲ್ಲಿದ್ದ ಟೀ ಲೋಟವನ್ನು ನೆಲದ ಮೇಲಿಟ್ಟ.

"ಅಕ್ಕಾ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ತೊಟ್ಟಿಯ ಅಡ್ಡ ತಗಡು ನನ್ನ ಮನೇಲಿತ್ತು. ರಿಪೇರಿಗೆ ಅಂತ ತಗೊಂಡು ಹೋದೋನು ಮರೆತೆ. ತಗಡಿಲ್ಲದೆ ಜಿಡ್ಡೆಲ್ಲ ಚರಂಡಿಗೆ ಹೋಯ್ತು. ಅದಕ್ಕೇ ಹೊಸಬಳ ಕಾಲದಲ್ಲಿ ಜಿಡ್ಡು ಕಾಣಿಸ್ಲಿಲ್ಲ."

ದೊಡ್ಡಕ್ಕ ಮಗುವಿನ ಕಡೆ ನೋಡಿದಳು. ಮಗು ಎದ್ದಿರಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?"

ಅವನು ಹೇಳಿದ. ಆಕೆ ಮನಸ್ಸಿನಲ್ಲೇ ವಾರಗಳನ್ನು ಎಣಿಸಿದ್ದು ತುಟಿಗಳ ಮೇಲೆ ಕಾಣುತ್ತಿತ್ತು.

"ಅಷ್ಟು ದಿನ ಆಯ್ತಾ" ಎಂದಳು. ದನಿ ಏರಲಿಲ್ಲ. "ನನಗೆ ಹೇಳಿ ಪ್ರಯೋಜನ ಇಲ್ಲ ತಮ್ಮ. ಅವತ್ತು ಎಲ್ಲಿ ನಿಂತು ಹೇಳಿದ್ಯೋ, ಅಲ್ಲೇ ನಿಂತು ಹೇಳು."

ನೆಲದ ಮೇಲಿಟ್ಟ ಟೀ ಅಲ್ಲೇ ಆರುತ್ತಿತ್ತು. ಅವನು ಕುಡಿಯದೆ ಇಳಿದು ಬಂದ.

ಮರುದಿನ ತಿಂಡಿಯ ಹೊತ್ತು ಮುಗಿದ ಮೇಲೆ ಯಜಮಾನರನ್ನು ಅವನೇ ಹಿಂದಕ್ಕೆ ಕರೆದ. ಅಡುಗೆಯವನೂ ಹೊಸಬಳೂ ಸಿಂಕಿನ ಬಳಿ ಇದ್ದರು. ಮುಚ್ಚಳ ತೆಗೆದು, ತಗಡನ್ನು ಮೇಲಕ್ಕೆತ್ತಿ, ಒಂದು ಕೊಳಗ ನೀರು ಸುರಿಯಲು ಹೇಳಿದ. ನಿಂತಿದ್ದ ಜಿಡ್ಡು ಎಲ್ಲರ ಕಣ್ಣೆದುರಿಗೇ ಕೊಳವೆಯೊಳಗೆ ಹರಿಯತೊಡಗಿತು. ತಗಡು ಮತ್ತೆ ಇಳಿಸಿದ, ನಿಂತಿತು. ಆಮೇಲೆ ಗೇಟು, ನಾಯಿ, ಮರೆವು, ಬಿಟ್ಟಿ ಕೆಲಸ, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದ. ನಾಯಿಯ ಮಾತಿಗೆ ಅಡುಗೆಯವನು ನಗಲು ಹೋಗಿ ಯಜಮಾನರ ಮುಖ ನೋಡಿ ನುಂಗಿಕೊಂಡ.

ಯಜಮಾನರು ತೊಟ್ಟಿಗೆ ಬಗ್ಗಿ ತಗಡನ್ನು ಮುಟ್ಟಿ ನೋಡಿದರು. "ಅಂದ್ರೆ ನಾನು ಆ ಹೆಂಗಸನ್ನ ಸುಮ್ಮಸುಮ್ಮನೆ..." ಎಂದರು. ತಮ್ಮ ಮೇಲಿನ ಆ ಸಿಟ್ಟು ಜಿಡ್ಡಪ್ಪನ ಕಡೆ ತಿರುಗಿತು. "ನಿಯತ್ತು ಅಂತ ಬೆನ್ನು ತಟ್ಟಿದ್ನಲ್ಲಯ್ಯಾ ನಿನಗೆ. ತಟ್ಟಿಸ್ಕೊಂಡು ಸುಮ್ನೆ ನಿಂತಿದ್ಯಲ್ಲ."

ಜಿಡ್ಡಪ್ಪ ತೊಟ್ಟಿಯ ಮುಚ್ಚಳ ಎಳೆದ. ಹೊಸಬಳು ನೆಲ ನೋಡಿಕೊಂಡೇ ಅವನಿಗೆ ಹೇಳಿದಳು: "ನಾನು ಲೋಟನೂ ಒರೆಸ್ತಿದ್ದೆ, ಅಣ್ಣಾ. ನೀವು ನೋಡ್ತಾನೇ ಇದ್ರಿ."

ಮತ್ತೆ ಕೆಲಸಕ್ಕೆ ಬಾ ಎಂದು ಯಜಮಾನರು ಮೊದಲು ಅಡುಗೆಯವನ ಕೈಲಿ ದೊಡ್ಡಕ್ಕನಿಗೆ ಹೇಳಿಕಳಿಸಿದರು. ಬೈದದ್ದು ಅವರು, ಬರುವುದೂ ಅವರೇ ಬರಲಿ ಎಂದು ದೊಡ್ಡಕ್ಕ ಉತ್ತರ ಕಳಿಸಿದಳು. ಎರಡು ದಿನ ಕಳೆದು ಅವರ ಸ್ಕೂಟರು ಮುದ್ರಣದ ಅಂಗಡಿಯ ಮುಂದೆ ನಿಂತಿತು. ಮೇಲಿನ ಕೋಣೆಯಲ್ಲಿ ಏನು ಮಾತಾಯಿತೋ ಜಿಡ್ಡಪ್ಪನಿಗೆ ಗೊತ್ತಿಲ್ಲ. ತೀರ್ಮಾನ ಮಾತ್ರ ಅಡುಗೆಯವನ ಬಾಯಿಂದ ತಿಳಿಯಿತು. ಬೆಳಗಿನ ಪಾಳಿ ದೊಡ್ಡಕ್ಕನದು, ಸಂಜೆಯದು ಹೊಸಬಳದು. ತೊಟ್ಟಿ ತೊಳೆಯುವುದಕ್ಕೆ ಬೇರೊಬ್ಬನನ್ನು ಗೊತ್ತುಮಾಡಿದ್ದಾರೆ. ಫೋನ್ ಮಾಡುತ್ತಾರೆಂದು ಯಜಮಾನರು ಹೇಳಿದ್ದ ಬೇರೆ ಹೋಟೆಲಿನವರು ಇನ್ನೂ ಮಾಡಿಲ್ಲ.

ಹೊಸ ಕೆಲಸಗಾರನಿಗೆ ಆ ತೊಟ್ಟಿಯ ಒಳಗೂ ಹೊರಗೂ ತೋರಿಸಿಕೊಡಲು ಗುರುವಾರ ಬೆಳಿಗ್ಗೆ ಬರಬೇಕೆಂದು ಯಜಮಾನರು ಜಿಡ್ಡಪ್ಪನಿಗೆ ಹೇಳಿದ್ದಾರೆ. ಅವನು ಬರುತ್ತೇನೆಂದಿದ್ದಾನೆ. ಆ ಹೊತ್ತಿನಲ್ಲಿ ಕಿಟಕಿಯ ಆಚೆ ಸಿಂಕಿನ ಮುಂದೆ ದೊಡ್ಡಕ್ಕ ಇರುತ್ತಾಳೆ.