ಯುವಕ ಮಂಡಲದ ಬೀಗದ ಕೈ

ನಮ್ಮೂರಿನಲ್ಲಿ ಯೌವನಕ್ಕೆ ಆಯಸ್ಸು ಜಾಸ್ತಿ. ಬ್ರಹ್ಮಾವರ ದಾಟಿ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿದರೆ ಸಿಗುವ ಊರು. ನನಗೆ ಐವತ್ತೆಂಟು ತುಂಬುವವರೆಗೂ ಅಲ್ಲಿನ ಯುವಕ ಮಂಡಲಕ್ಕೆ ನಾನೇ ಕಾರ್ಯದರ್ಶಿ. ಅಧ್ಯಕ್ಷರಿಗೆ ಮೊಮ್ಮಕ್ಕಳಿದ್ದರು. ಖಜಾಂಚಿಗೆ ಮಂಡಿನೋವು. ಸದಸ್ಯರಿಗೆ ಮೂವತ್ತೈದರ ಮಿತಿ ಎಂದು ಮೊದಲು ನಿಯಮವಿತ್ತು. ನಮಗೆ ಮೂವತ್ತೈದಾದಾಗ ಅದನ್ನು ನಲವತ್ತೈದು ಮಾಡಿದೆವು. ನಲವತ್ತೈದೂ ಆದಾಗ, ಮನಸ್ಸಿನಲ್ಲಿ ಯೌವನವಿದ್ದರೆ ಸಾಕು ಎಂದು ಠರಾವು ಮಾಡಿ, ಚಪ್ಪಾಳೆ ತಟ್ಟಿ ಚಾ ಕುಡಿದೆವು.

ಮಂಡಲಕ್ಕೆ ಹೆಂಚಿನ ಮಾಡಿನ ಒಂದು ಕಟ್ಟಡ, ಎದುರಿಗೆ ಮರಳಿನ ಅಂಗಳ, ಹಿಂದೆ ಶೌಚಾಲಯ. ಬೀಗದ ಕೈ ನನ್ನ ಉಡಿದಾರದಲ್ಲಿ. ಸಂಜೆ ಐದಕ್ಕೆ ಬಾಗಿಲು ತೆರೆದು, ನಾವು ನಾಲ್ಕೈದು ಜನ ಪೇಪರು ಓದಿ, ದೇಶದ ಸ್ಥಿತಿಗೆ ಮರುಗಿ, ಏಳಕ್ಕೆ ಬೀಗ ಹಾಕುವುದು. ಕೇರಂ ಬೋರ್ಡಿಗೆ ಬಟ್ಟೆ ಹೊದೆಸಿ ಇಟ್ಟಿದ್ದೆ, ಹಾಳಾಗದಿರಲಿ ಎಂದು.

ಎರಡು ವರ್ಷಗಳ ಹಿಂದೆ ಆರೇಳು ಹುಡುಗಿಯರು ಬಂದು ನಿಂತರು. ಮುಂದೆ ಇದ್ದವಳು ನಮ್ಮ ಮನೆಗೆ ಮೀನು ತರುವ ಹೆಂಗಸಿನ ಮಗಳು, ಕುಂದಾಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು.

"ಹ್ವಾಯ್, ಇಲ್ಲ್ ಅಂಗಳದಂಗೆ ವಾಲಿಬಾಲ್ ಆಡ್ತೊ. ಬಟ್ಟಿ ಬದ್ಲ್ ಮಾಡುಕೆ ಒಂದ್ ಕೋಣಿ, ಮತ್ ಬಾತ್ರೂಮ್ ಇದ್ರೆ ಸಾಕ್. ನಾಕ್ ಗಂಟಿಗೆ ಬೀಗ ತೆಗುಕ್ ಆತ್ತಾ?"

ನಾಲ್ಕು ಗಂಟೆ ನನ್ನ ನಿದ್ದೆಯ ಹೊತ್ತು. ಅದನ್ನು ಹೇಳಲಾದೀತೇ? "ಕಾಂಬ, ಕಮಿಟಿಯಂಗೆ ಕೇಳ್ಕ್" ಎಂದೆ. ಕಾಂಬ ಎಂದರೆ ನೋಡೋಣ, ಕಮಿಟಿ ಎಂದರೆ ಪೇಪರು ಓದುವ ನಾವೇ. ಅವರು ಇನ್ನೂ ಎರಡು ಸಲ ಬಂದರು. ನಾನು ಎರಡು ಸಲವೂ "ಕಾಂಬ" ಎಂದೆ. ಆಮೇಲೆ ಬರಲಿಲ್ಲ. ಬೈದು ಕಳಿಸಲಿಲ್ಲವಲ್ಲ ಎಂದು ನನ್ನ ಸಭ್ಯತೆಯನ್ನು ನಾನೇ ಮೆಚ್ಚಿಕೊಂಡೆ.

ಮರುವರ್ಷ ಒಂದು ಬೆಳಿಗ್ಗೆ ಆ ತಾಯಿ ಬುಟ್ಟಿ ಇಳಿಸಿ, ಬಂಗುಡೆ ಆರಿಸುತ್ತ ಹೇಳಿದಳು: "ನಮ್ ಹೆಣ್ಣ್ ನಿನ್ನೆ ಬೈಂದೂರಂಗೆ ಕಪ್ ಗೆದ್ಕಂಡ್ ಬಂತ್ ಕಾಣಿ."

"ಹೌದಾ! ನಮ್ಮೂರಿಗೆ ಕಪ್ಪಾ?"

"ನಮ್ಮೂರಿಗ್ ಎಲ್ಲಿ? ಆಚೆ ಊರ್ ಹೆಸ್ರಂಗೆ ಆಡದ್. ಅಲ್ಲ್ ಬಾಗ್ಲ್ ತೆಗ್ದ್ ಕೊಡ್ತ್ರಂಬ್ರ್."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಆ ದಿನ ಬಂಗುಡೆ ಸಾರು ರುಚಿಸಲಿಲ್ಲ. ಹೆಂಡತಿ ಉಪ್ಪು ಕಡಿಮೆಯಾಯಿತೇ ಎಂದು ಎರಡು ಸಲ ಕೇಳಿದಳು. ನಾಚಿಕೆಯಾಗಿತ್ತು, ಆದರೆ ನಾಚಿಕೆಯಾದಾಗ ಸಿಟ್ಟು ಮಾಡಿಕೊಳ್ಳುವುದು ನನ್ನ ಹಳೆಯ ಜಾಯಮಾನ.

ಆ ಸಿಟ್ಟನ್ನೇ ಹೊತ್ತುಕೊಂಡು, ಊರವರೆಲ್ಲ ಸೇರುವ ಮಂಡಲದ ಭಾನುವಾರದ ಮಹಾಸಭೆಗೆ ಹೋದೆ. ಪ್ರತಿ ವರ್ಷದ ಭಾಷಣವನ್ನೇ ತೆಗೆದೆ: ಇಂದಿನ ಯುವಜನರಿಗೆ ಊರು ಬೇಡ, ಸಂಘ ಬೇಡ, ಮೊಬೈಲೊಂದಿದ್ದರೆ ಸಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆಗ ಕೊನೆಯ ಸಾಲಿನಲ್ಲಿ ಆ ಹುಡುಗಿ ಎದ್ದಳು. ಮೈಮೇಲಿನ ಜೆರ್ಸಿಯಲ್ಲಿ ಆಚೆ ಊರಿನ ಹೆಸರಿತ್ತು.

"ನಾವ್ ಮೂರ್ ಸಲ ಬಂದಿತ್. ಬಾಗ್ಲ್ ಎಂತಕ್ ತೆಗಿಲ್ಲೆ?"

ಎಲ್ಲದಕ್ಕೂ ನಿಯಮವಿದೆ, ಕಮಿಟಿಯ ಒಪ್ಪಿಗೆ ಬೇಕು ಎಂದು ಹಳೆಯ ನಿಯಮಾವಳಿಯ ಪುಸ್ತಕವನ್ನು ಮೇಜಿಗೆ ಕುಟ್ಟಿದೆ. ಓದೋಣವೆಂದರೆ ಕನ್ನಡಕ ಮನೆಯಲ್ಲಿ. "ನೀನೇ ಓದ್" ಎಂದು ಅವಳ ಕೈಗೆ ಕೊಟ್ಟೆ.

ಅವಳು ಒಂದೊಂದಾಗಿ ಓದುತ್ತ ಬಂದಳು. ಒಂಬತ್ತನೆಯದಕ್ಕೆ ಬಂದಾಗ ತಡೆದು, ನನ್ನ ಮುಖ ನೋಡಿ, ಮೆಲ್ಲಗೆ ಓದಿದಳು: "ಹೊಸಬರು ಜಾಗ ಕೇಳಿದ ದಿನವೇ ಬಾಗಿಲು ತೆರೆಯತಕ್ಕದ್ದು. ಯಾರಿಗೂ 'ಕಾಂಬ' ಎಂದು ಹೇಳಕೂಡದು."

ಸಭೆ ಗೊಳ್ಳೆಂದು ನಕ್ಕಿತು. ಬರೆದವನು ನಾನೇ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾವು ನಾಟಕದ ಅಭ್ಯಾಸಕ್ಕೆ ಭಜನಾ ಮಂದಿರದ ಜಗಲಿ ಕೇಳಿದ್ದೆವು. ಅಲ್ಲಿನ ಹಿರಿಯರು ಒಂದು ವರ್ಷ "ಕಾಂಬ, ಕಾಂಬ" ಎಂದು ಅಲೆದಾಡಿಸಿದ್ದರು. ಆ ಕಿಚ್ಚಿಗೇ ಈ ಮಂಡಲ ಕಟ್ಟಿದ್ದು, ಆ ಕಿಚ್ಚಿಗೇ ಈ ಸಾಲು ಬರೆದದ್ದು. ನನಗೆ ಅದು ಮರೆತೇ ಹೋಗಿತ್ತು.

ಕೈ ಉಡಿದಾರಕ್ಕೆ ಹೋಯಿತು. ಗಂಟು ಬಿಚ್ಚಲು ಬರಲಿಲ್ಲ. ಅಷ್ಟು ವರ್ಷ ಬೆವರು ಕುಡಿದು ಬಿಗಿದಿತ್ತು. ಅಧ್ಯಕ್ಷರು ತೆಂಗಿನಕಾಯಿ ಸುಲಿಯುವ ಕತ್ತಿ ತರಲೇ ಎಂದು ಕೇಳಿದರು. ಕೊನೆಗೆ ಅಂತೂ ಬಿಚ್ಚಿತು. ಬೀಗದ ಕೈ ಅವಳಿಗೆ ಕೊಟ್ಟೆ, ಕಾರ್ಯದರ್ಶಿ ಪಟ್ಟವನ್ನೂ ಬಿಟ್ಟೆ. ಚಪ್ಪಾಳೆ ಕೇಳುತ್ತ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ನಾಳೆ ಸಂಜೆಗೆ ನಾನೆಲ್ಲಿ ಹೋಗಲಿ ಎಂಬುದೊಂದೇ ತಲೆಯಲ್ಲಿತ್ತು.

ಮಾರನೆಯ ಸಂಜೆ ಐದಕ್ಕೆ ಕಾಲುಗಳು ತಾವೇ ಹೊರಟವು. ಅಂಗಳದಲ್ಲಿ ಬಲೆ ಬಿಗಿದಿತ್ತು. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಒಳಗೆ ಕೇರಂ ಕಾಯಿಗಳ ಸದ್ದು. ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಸೊಂಟ ಮುಟ್ಟಿಕೊಂಡೆ. ಚೆಂಡು ಹಿಡಿದು ಆ ಹುಡುಗಿ ಬಂದಳು.

"ನಾನ್ ಒಳಗ್ ಬಪ್ಪುದಾ?" ಎಂದು ಕೇಳಿದೆ.

"ಕೇಂಬುದ್ ಎಂತಕ್? ಬಾಗ್ಲ್ ತೆಗ್ದೇ ಇತ್ತಲೆ, ಬನ್ನಿ" ಎಂದಳು.

ಅಷ್ಟು ವರ್ಷಗಳಲ್ಲಿ ನಾನು ಯಾರಿಗೂ ಹೇಳದ ಮಾತು ಅದು. ಅವರ ಚಪ್ಪಲಿಗಳ ನಡುವೆ ನನ್ನದನ್ನೂ ಬಿಟ್ಟು ಒಳಗೆ ಹೋದೆ.