ನೋಡಲು ಬಂದವರು ತಂದ ಮೀನುಗಳು

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮಧ್ಯಾಹ್ನ ಇಳಿಯುವಾಗ ಒಂದು ವಿಚಿತ್ರವಾದ ಹೊತ್ತು ಬರುತ್ತದೆ. ಕಿಟಕಿಯ ಬಿಸಿಲು ಅಕ್ವೇರಿಯಂ ನೀರಿನೊಳಗೆ ಹಾದು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಗೋಡೆ ಮೆಲ್ಲಗೆ ತೂಗಾಡುತ್ತದೆ, ಅದರ ಮೇಲೆ ಮೀನುಗಳ ನೆರಳು ದೊಡ್ಡದಾಗಿ, ಯಾವ ಅವಸರವೂ ಇಲ್ಲದೆ ಸಾಗಿಹೋಗುತ್ತದೆ. ನಾನು ಅದನ್ನು ಬಹಳ ಕಾಲ ಅಡುಗೆಮನೆಯ ಬಾಗಿಲಿನಿಂದಲೇ ನೋಡಿದ್ದೆ, ಕೈಯಲ್ಲಿ ಸೌಟು ಹಿಡಿದು.

ಆ ಗಾಜಿನ ತೊಟ್ಟಿ ತಂದವರು ನಮ್ಮ ಯಜಮಾನರು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ಸದ್ದು ಕೇಳಿ ಬರುವವರಿಗೆ ಮನೆಯಲ್ಲಿ ಸದ್ದಿಲ್ಲದ ಜೀವ ಬೇಕಾಗಿತ್ತೇನೋ. ಎರಡಡಿ ಉದ್ದದ ತೊಟ್ಟಿಗೆ ಅವರು ಬಿಟ್ಟದ್ದು ನಾಲ್ಕೇ ಮೀನು. ನಾನು ತುಂಬಿದ ಮನೆಯಲ್ಲಿ ಬೆಳೆದವಳು, ನನಗೆ ಅದು ಶುದ್ಧ ಜಿಪುಣತನವಾಗಿ ಕಂಡಿತು. ಇಷ್ಟು ನೀರಿಗೆ ಇಷ್ಟೇನಾ ಎಂದು ಛೇಡಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಮೀನಿಗೂ ಅನ್ವಯಿಸುತ್ತೆ ಎಂದು ಅವರು ನಕ್ಕರು.

ಕಳೆದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಅಕ್ವೇರಿಯಂ ಎದುರಿಗೇ ನಡುಮನೆಯಲ್ಲಿ ಮಂಚ ಹಾಕಿದೆವು. ಮಾತು ಕಡಿಮೆ ಇರಲಿ, ಜನ ಕಡಿಮೆ ಇರಲಿ, ಇಲ್ಲದಿದ್ದರೆ ಮತ್ತೆ ಆಸ್ಪತ್ರೆಗೇ ಬರಬೇಕಾಗುತ್ತೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೇಳುವುದೇನೋ ಸುಲಭ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರದಿದ್ದರೆ ಅದನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಬಂದವರು ಬರಿಗೈಯಲ್ಲಿ ಬರುವ ಹಾಗಿಲ್ಲ, ತಂದದ್ದನ್ನು ನಾವು ಬೇಡ ಅನ್ನುವ ಹಾಗಿಲ್ಲ.

ಮೊದಲು ಮೋಸಂಬಿ, ಬ್ರೆಡ್ಡು, ಬಿಸ್ಕತ್ತು ಬಂದವು. ಇವರು ಯಾವುದನ್ನೂ ಮುಟ್ಟದೆ ಮೀನು ನೋಡುತ್ತಾ ಮಲಗಿರುವುದು ಎದುರುಮನೆಯಾಕೆಯ ಕಣ್ಣಿಗೆ ಬಿತ್ತು. ಮರುದಿನ ಆಕೆ ಗಂಟುಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಗೋಲ್ಡ್‌ಫಿಶ್ ತಂದರು. ಇವರ ಮುಖ ಅರಳಿತು. ಅಷ್ಟೇ ಸಾಕಾಯಿತು, ಸುದ್ದಿ ಹಬ್ಬಿತು. ಕಾರ್ಖಾನೆಯ ಗೆಳೆಯರು ಕರೀ ಮೀನು ತಂದರು, ಸೋದರಮಾವ ಗಪ್ಪಿ ತಂದರು, ಆ ಗಪ್ಪಿಗಳು ವಾರ ಕಳೆಯುವುದರೊಳಗೆ ಮರಿ ಹಾಕಿದವು. ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಬಂದಾಗಲೆಲ್ಲ ಒಂದು ಕವರು ಹಿಡಿದೇ ಬಂದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಕೊನೆಗೂ ಅಕ್ವೇರಿಯಂ ನಮ್ಮ ತವರುಮನೆಯ ಹಾಗೆ ತುಂಬಿತ್ತು.

ಪ್ರತಿ ಮೀನಿಗೂ ತಂದವರ ಹೆಸರೇ ನಿಂತಿತು. ಬಂದವರು ರೋಗಿಯ ಮುಖ ನೋಡುವ ಮೊದಲು ನಮ್ಮದೆಲ್ಲಿ ಎಂದು ಗಾಜಿಗೆ ಕಣ್ಣಿಟ್ಟು ಹುಡುಕುತ್ತಿದ್ದರು. ಅತ್ತಿಗೆಯ ಮೀನೊಂದು ಸತ್ತಾಗ ನಾನು ಗುಟ್ಟಾಗಿ ಅಂಗಡಿಗೆ ಓಡಿ ಅದೇ ಬಣ್ಣದ್ದನ್ನು ತಂದು ಬಿಟ್ಟೆ. ಕಾಯಿಲೆಯ ಮನೆಯಲ್ಲಿ ಅವರು ಕೊಟ್ಟ ಜೀವ ಹೋಯಿತು ಎಂದು ಹೇಳುವುದು ಹೇಗೆ? ಮತ್ತೆ ಕಾಫಿ ಬೆರೆಸಲು ಒಳಗೆ ಹೋದೆ. ಆ ದಿನಗಳಲ್ಲಿ ನಾನು ಇದ್ದದ್ದೇ ಒಲೆಯ ಮುಂದೆ.

ಜನ ಎದ್ದುಹೋದ ಮೇಲೆ ಇವರು ಮಂಚದಂಚಿಗೆ ಕೂತು, ಮಂಡಿಯ ಮೇಲೆ ಕೈಯೂರಿ ಉಸಿರು ಹುಡುಕಿಕೊಳ್ಳುತ್ತಿದ್ದರು. ಆದರೆ ಯಾರಿಗೂ ಹೊರಡಿ ಅಂದವರಲ್ಲ. ಇನ್ನೂ ಸ್ವಲ್ಪ ಹೊತ್ತು ಇರಿ ಎಂದೇ ಅನ್ನುತ್ತಿದ್ದರು. ನನಗೆ ಬಂದವರ ಮೇಲೂ ಇವರ ಮೇಲೂ ಸಿಟ್ಟು ಬರುತ್ತಿತ್ತು, ಆದರೂ ಲೋಟಗಳನ್ನು ತೊಳೆದು ಸುಮ್ಮನಾಗುತ್ತಿದ್ದೆ.

ಒಂದು ಮಧ್ಯಾಹ್ನ, ಗೋಡೆ ತೂಗಾಡುವ ಹೊತ್ತಿನಲ್ಲಿ ಕರೆಂಟು ಹೋಯಿತು. ನೀರಿಗೆ ಗಾಳಿ ಊದುವ ಪಂಪಿನ ಗುಳುಗುಳು ನಿಂತಿತು. ನಾಲ್ಕೇ ಮೀನಿದ್ದಾಗ ಕರೆಂಟು ಹೋದರೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ಈಗ ಒಂದೊಂದಾಗಿ ಎಲ್ಲವೂ ಮೇಲೆ ಬಂದು, ನೀರಿನ ಅಂಚಿಗೆ ಬಾಯಿ ಹಚ್ಚಿ ತೆರೆಯುತ್ತ ಮುಚ್ಚುತ್ತ ನಿಂತವು. ಗೋಡೆಯ ಮೇಲೆ ಸಾಗುವ ನೆರಳುಗಳೇ ಇರಲಿಲ್ಲ. ಅತ್ತಿಗೆ, ಎದುರುಮನೆಯಾಕೆ ಅಲ್ಲೇ ಕೂತಿದ್ದರು. ಊಟಕ್ಕೆ ಮೇಲೆ ಬಂದಿವೆ ನೋಡಿ, ಪಾಪ, ಎಂದು ಅತ್ತಿಗೆ ಇನ್ನೊಂದು ಚಿಟಿಕೆ ಕಾಳು ಉದುರಿಸಿದರು.

ನಾನು ಚೊಂಬು ತಂದು ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹುಯ್ಯತೊಡಗಿದೆ, ಒಂದಿಷ್ಟು ಗಾಳಿ ಬೆರೆಯಲಿ ಎಂದು. ಇವರು ಮಂಚದಿಂದ ಕೈಚಾಚಿ ನನ್ನ ಸೆರಗು ಹಿಡಿದರು.

"ಇವಕ್ಕೆ ಉಸಿರಾಡಕ್ಕೆ ಜಾಗ ಇಲ್ಲ ಕಣೇ," ಅಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಸೆರಗು ಬಿಡದೆಯೇ, "ನಂಗೂ ಇಲ್ಲ."

ಕರೆಂಟು ಬರುವವರೆಗೂ ನೀರು ಹುಯ್ಯುತ್ತಲೇ ಇದ್ದೆ, ಅಳು ಬಂದರೆ ಯಾರಿಗೂ ಕಾಣದಿರಲಿ ಎಂದು ತಲೆ ಎತ್ತಲಿಲ್ಲ.

ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕೊಡುವುದು ಎಂಬುದೇ ಆಮೇಲಿನ ತಲೆನೋವು. ಒಬ್ಬರ ಮೀನು ಉಳಿಸಿ ಇನ್ನೊಬ್ಬರದ್ದು ಕಳಿಸಿದರೆ ರಾಮಾಯಣವಾಗುತ್ತದೆ. ಹಾಗಾಗಿ ಬಂದವರು ಕೊಟ್ಟವು ಎಲ್ಲವೂ ಹೋಗಲಿ, ಮೊದಲಿನ ನಾಲ್ಕೇ ಇರಲಿ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಗೋಕುಲಂನಲ್ಲಿ ಇವರ ಗೆಳೆಯರ ಅಂಗಳದಲ್ಲಿ ತಾವರೆ ಬೆಳೆಸುವ ದೊಡ್ಡ ಸಿಮೆಂಟು ತೊಟ್ಟಿಯಿದೆ. ಸೊಳ್ಳೆಮರಿ ತಿನ್ನಲು ಮೀನು ಬೇಕಾಗಿತ್ತು ಎಂದು ಅವರು ಸಂತೋಷದಿಂದಲೇ ಬಂದು ಬಕೆಟ್ಟಿನಲ್ಲಿ ಒಯ್ದರು. ಕೇಳಿದವರಿಗೆಲ್ಲ ನಾನು, ನಿಮ್ಮ ಮಗಳನ್ನು ದೊಡ್ಡ ಮನೆಗೆ ಕೊಟ್ಟಿದ್ದೇವೆ ಎಂದೆ. ಕೆಲವರು ನಕ್ಕರು, ಕೆಲವರು ನಗಲಿಲ್ಲ.

ಆದರೆ ಮೀನಿಗೆ ಜಾಗ ಮಾಡಿದರೆ ಅರ್ಧ ಕೆಲಸವಷ್ಟೇ. ಆ ಭಾನುವಾರ ಅತ್ತಿಗೆ ಆಟೋದಿಂದ ಇಳಿದಾಗ ನಾನು ಒಲೆಯ ಮೇಲೆ ಹಾಲಿಟ್ಟು ಗೇಟಿಗೆ ಹೋದೆ. ಗೇಟು ತೆಗೆಯಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಗೆ ಬಂದ ಯಾರನ್ನೂ ನಾನು ಹಾಗೆ ನಿಲ್ಲಿಸಿದ್ದಿಲ್ಲ.

"ಅತ್ತಿಗೆ, ಇವತ್ತು ಬೇಡ. ಅವರಿಗೆ ಉಸಿರು ಸಾಲ್ತಿಲ್ಲ. ಸ್ವಲ್ಪ ದಿನ ಬಿಟ್ಟು ನಾನೇ ಫೋನ್ ಮಾಡ್ತೀನಿ."

ಅತ್ತಿಗೆ ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು, ಸಿಟ್ಟಿಗೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ. ಕೈಲಿದ್ದ ಬಾಳೆಹಣ್ಣಿನ ಚೀಲವನ್ನು ಗೇಟಿನ ಮೇಲಿಂದ ಕೊಟ್ಟು, ನಿಂತಿದ್ದ ಆಟೋದಲ್ಲೇ ವಾಪಸು ಹೋದರು.

ಒಳಗೆ ಬಂದಾಗ ಇವರು ಎಚ್ಚರವಾಗಿಯೇ ಇದ್ದರು. ಎಲ್ಲ ಕೇಳಿಸಿರಬೇಕು. ಒಡಹುಟ್ಟಿದ ಅಕ್ಕನನ್ನು ಬಾಗಿಲಿಂದಲೇ ಕಳಿಸಿದ್ದಕ್ಕೆ ಏನನ್ನುತ್ತಾರೋ ಎಂದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಗೋಡೆಯ ಮೇಲೆ ನಾಲ್ಕು ನೆರಳು ನಿಧಾನವಾಗಿ ತಿರುಗುತ್ತಿದ್ದವು. ಇವರು ಕಾಲು ಮಡಚಿಕೊಂಡು ಮಂಚದ ಮೇಲೆ ಜಾಗ ಮಾಡಿದರು.

"ಬಾ, ಕೂತ್ಕೋ," ಅಂದರು. "ನಾನು ಆಸ್ಪತ್ರೆಯಿಂದ ಬಂದ್ಮೇಲೆ ಎಲ್ಲರೂ ಬಂದು ಕೂತ್ರು. ನೀನೊಬ್ಬಳು ಕೂರ್ಲೇ ಇಲ್ಲ."

ಹೋಗಿ ಅವರ ಕಾಲ ಬಳಿ ಕೂತೆ. ಒಲೆಯ ಮೇಲೆ ಹಾಲು ಉಕ್ಕಿದ ಸದ್ದು ಕೇಳಿತು. ನಾನು ಏಳಲಿಲ್ಲ.